ಹಗೇವಿನ ಮೇಲಿನ ಮಿಷನ್ನು

ರಾಮಗಿರಿಯಲ್ಲಿ ಮರುಳಸಿದ್ದಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಹಗೇವಿನ ಮನೆ ಎಂದರೆ ಮಾತ್ರ ಕೈ ತಾನಾಗಿ ಗುಡ್ಡದ ಕಡೆ ತೋರಿಸುತ್ತಿತ್ತು. ಆ ಮನೆಯ ಪಡಸಾಲೆಯ ನಡುವೆ, ನೆಲದೊಳಗೆ, ಬಾವಿಯಂತೆ ತೋಡಿದ ಧಾನ್ಯದ ಗುಂಡಿ ಇತ್ತು. ಬೇರೆಯವರ ಹಗೇವು ಹಿತ್ತಲಲ್ಲೋ ಕಣದ ಪಕ್ಕದಲ್ಲೋ ಇದ್ದರೆ ಇವರದು ಮನೆಯೊಳಗೇ. ಅದರ ಬಾಯಿಗೆ ಅಗಲವಾದ ಕಲ್ಲುಚಪ್ಪಡಿ ಮುಚ್ಚಿ, ಸುತ್ತ ಮಣ್ಣು ಮೆತ್ತಿ, ಸಗಣಿಯಿಂದ ಸಾರಿಸಿಟ್ಟಿದ್ದರು. ಒಳಗೆ ತಾತನ ಕಾಲದಿಂದ ಕಾದಿಟ್ಟ ರಾಗಿ ಎಂಬುದು ಯಜಮಾನರ ಮಾತು. "ಹಗೇವಿಗೆ ಕೈ ಹಾಕೋ ಅಂಥ ಗತಿ ಈ ಮನೆಗೆ ಇನ್ನೂ ಬಂದಿಲ್ಲ ಕಣಪ್ಪ" ಎಂದು ಮರುಳಸಿದ್ದಪ್ಪ ಮೀಸೆಯ ಮೇಲೆ ಕೈಯಾಡಿಸಿದರೆ, ಎದುರಿಗೆ ಕುಳಿತವರು ಹೌದೌದು ಎನ್ನುತ್ತಿದ್ದರು. ಆ ಹೌದೌದಿನಲ್ಲಿ ಒಂದು ತುಂಟ ನಗು ಇರುತ್ತಿದ್ದುದು ಮರುಳಸಿದ್ದಪ್ಪನವರಿಗೆ ಮಾತ್ರ ಕಾಣುತ್ತಿರಲಿಲ್ಲ.

ಈ ಮನೆಗೆ ಹಿರಿಯೂರಿನಿಂದ ಸೊಸೆಯಾಗಿ ಬಂದವಳು ದಾಕ್ಷಾಯಣಿ. ಗಂಡ ಮುರುಗಪ್ಪ ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಮನೆಗೆ ಬರುವವನು. ಮದುವೆಯಾದ ವರ್ಷ, ಎಪ್ಪತ್ನಾಲ್ಕರ ದೀಪಾವಳಿಗೆ ತವರಿಗೆ ಹೋದ ದಾಕ್ಷಾಯಣಿ ಬರುವಾಗ ಬಸ್ಸಿನ ಟಾಪಿನ ಮೇಲೆ ಒಂದು ಹಳೆಯ ಹೊಲಿಗೆ ಮಿಷನ್ನು ಏರಿಸಿಕೊಂಡು ಬಂದಳು. ಅದು ಅವಳ ದೊಡ್ಡಮ್ಮ ವೀರಮ್ಮನದು. ಗಂಡ ಸತ್ತ ಮೇಲೆ ವೀರಮ್ಮ ಊರವರ ಕುಪ್ಪಸ ಹೊಲಿದೇ ಮನೆ ನಡೆಸಿದಾಕೆ, ತಾಯಿಯಿಲ್ಲದ ದಾಕ್ಷಾಯಣಿಯನ್ನು ಸಾಕಿದಾಕೆ. "ನಿಂಗೆ ಒಡವೆ ಹಾಕೋ ಶಕ್ತಿ ನಂಗಿಲ್ಲ ಮಗಳೇ. ನನ್ನ ಕಣ್ಣು ಮಂಜಾಗ್ಯಾವೆ, ದಾರ ಪೋಣಿಸಕ್ಕೂ ಬರಲ್ಲ. ಇದನ್ನ ನೀನು ತಗಂಡು ಹೋಗು" ಎಂದು ಕೊಟ್ಟಿದ್ದಳು. ಪೆಡಲಿನ ಕಬ್ಬಿಣ ದೊಡ್ಡಮ್ಮನ ಪಾದ ತಾಗಿ ತಾಗಿ ನುಣುಪಾಗಿತ್ತು. ಅದರ ಮೇಲೆ ಕಾಲಿಟ್ಟಾಗಲೆಲ್ಲ ದಾಕ್ಷಾಯಣಿಗೆ ತವರುಮನೆಯ ಹೊಸ್ತಿಲ ಮೇಲೆ ಕಾಲಿಟ್ಟ ಹಾಗಾಗುತ್ತಿತ್ತು.

ಬಸ್ಸಿಳಿದು ಎತ್ತಿನ ಗಾಡಿ ಹತ್ತಿದ ಮಿಷನ್ನು ಮನೆಯ ಮುಂದೆ ಇಳಿಯಿತು. ಎಲ್ಲಿಡುವುದು ಎಂಬ ಮಾತು ಬಂದಾಗ ಅತ್ತೆ ಪಾರ್ವತಮ್ಮ ಒಂದು ಕ್ಷಣವೂ ತಡವರಿಸಲಿಲ್ಲ.

"ಹಗೇವಿನ ಚಪ್ಪಡಿ ಮ್ಯಾಗೆ ಇಡ್ರಿ. ಈ ಮನೆಗೆ ಬಂದ ಸೊಸೆ ಸಾಮಾನು ಒಂದು ವರ್ಷ ಅಲ್ಲೇ ಇರಬೇಕು. ಪದ್ಧತಿ ಐತೆ."

"ಎಲ್ಲಿಂದ ಬಂತೇ ಈ ಪದ್ಧತಿ? ನಾನು ಹುಟ್ಟಿದ ಮನೆ ಇದು, ನಾನೇ ಕೇಳಿಲ್ಲ!" ಎಂದರು ಮರುಳಸಿದ್ದಪ್ಪ.

"ಹೆಂಗಸರ ಪದ್ಧತಿ ನಿಮಗೆಲ್ಲಿ ಗೊತ್ತಾಗುತ್ತೆ, ಸುಮ್ನಿರ್ರಿ."

ಸುಮ್ಮನಿರುವುದು ಬಿಟ್ಟು ಮರುಳಸಿದ್ದಪ್ಪನವರಿಗೆ ಬೇರೆ ದಾರಿ ಇರಲಿಲ್ಲ. ಊರ ಪಂಚಾಯ್ತಿಯಲ್ಲಿ ಗುಡುಗುವ ಯಜಮಾನರು ಹೆಂಡತಿಯ 'ಸುಮ್ನಿರ್ರಿ'ಗೆ ಇಪ್ಪತ್ತೈದು ವರ್ಷಗಳಿಂದ ಸುಮ್ಮನಿದ್ದು ರೂಢಿ ಮಾಡಿಕೊಂಡಿದ್ದರು. ಜಾಗವೇನೋ ಚೆನ್ನಾಗಿಯೇ ಇತ್ತು. ಮೇಲಿನ ಗವಾಕ್ಷಿಯಿಂದ ಬೆಳಕು ನೇರ ಅಲ್ಲಿಗೇ ಬೀಳುತ್ತಿತ್ತು. ಉಳಿದ ನೆಲವೆಲ್ಲ ಮಣ್ಣು, ಮಿಷನ್ನಿನ ಕಾಲು ಹೂತುಕೊಳ್ಳುವಂಥದು.

ಮರುದಿನ ಬೆಳಗ್ಗೆ ದಾಕ್ಷಾಯಣಿ ಅರಿಸಿನ ಕುಂಕುಮ ಇಟ್ಟು, ಮಿಷನ್ನಿಗೆ ಕೈಮುಗಿದು ಪೆಡಲು ತುಳಿದಳು. ಟಕಟಕ ಎಂದು ಸೂಜಿ ಓಡಿತು. ಆದರೆ ಅದರ ಹಿಂದೆಯೇ ಇನ್ನೊಂದು ಸದ್ದು ಎದ್ದಿತು. ಧುಮ್, ಧುಮ್, ಧುಮ್. ನೆಲವೇ ನರಳಿದ ಹಾಗೆ. ಆ ಧುಮ್ಮಿನ ಬಾಲ ಹಿಡಿದು ಎಲ್ಲೋ ಸಣ್ಣಗೆ ಘಲ್, ಘಲ್. ಗೂಡಿನಲ್ಲಿದ್ದ ಹಿತ್ತಾಳೆಯ ದೀಪ ಅದುರಿತು. ಒಳಗೆ ಲಿಂಗಪೂಜೆಗೆ ಕುಳಿತಿದ್ದ ಮರುಳಸಿದ್ದಪ್ಪ ವಿಭೂತಿ ಅರ್ಧ ಹಣೆಗೆ ಹಚ್ಚಿ ಅರ್ಧ ಕೈಯಲ್ಲೇ ಹಿಡಿದು ಓಡಿ ಬಂದರು.

"ನಿಲ್ಸವ್ವ, ನಿಲ್ಸು! ಏನಿದು, ಮನೆಯಾಗೆ ಭೂತ ಕುಣಿದಂಗೆ?"

ದಾಕ್ಷಾಯಣಿ ಗಾಬರಿಯಿಂದ ಚಕ್ರ ಹಿಡಿದು ನಿಲ್ಲಿಸಿದಳು. ಮಾವನ ಮುಖ ಬಿಳಿಚಿಕೊಂಡಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಳೇ ಮಿಷನ್ನು, ಸದ್ದು ಬರುತ್ತೆ, ಅದಕ್ಯಾಕೆ ಇಷ್ಟು ಬೆವರ್ತೀರಿ?" ಎಂದು ಕೇಳಿ ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲದಾಯಿತು. ಸೊಸೆ ಮಿಷನ್ನಿನ ಮುಂದೆ ಕುಳಿತರೆ ಮಾವನಿಗೆ ತಲೆನೋವು, ಎದೆ ಡವಡವ, ಊಟ ಸೇರದು. ಅದನ್ನು ಕೊಟ್ಟಿಗೆಯಲ್ಲಿಡು ಎಂದು ಅವರು, ಸೊಸೆ ಸಾಮಾನು ಕೊಟ್ಟಿಗೆಯಲ್ಲಿ ಕಟ್ಟಕ್ಕೆ ಅದೇನು ಎತ್ತಾ ಎಂದು ಪಾರ್ವತಮ್ಮ. ವಾರಗಟ್ಟಲೆ ಇದೇ ನಡೆದು, ಕೊನೆಗೆ ಒಂದು ಮಧ್ಯಾಹ್ನ ಮರುಳಸಿದ್ದಪ್ಪ ತೀರ್ಪು ಕೊಟ್ಟರು.

"ನೋಡವ್ವ ದಾಕ್ಷಾಯಣಿ, ನಿನ್ನ ಮ್ಯಾಗೆ ನಂಗೆ ಸಿಟ್ಟಿಲ್ಲ. ಆದ್ರೆ ಈ ಸದ್ದು ನಿಲ್ಲಬೇಕು. ಸಂಕ್ರಾಂತಿ ಒಳಗೆ ನಿಂತ್ರೆ ಸರಿ. ಇಲ್ಲಾಂದ್ರೆ ಮಿಷನ್ನು ಹಿರಿಯೂರು ಬಸ್ಸು ಹತ್ತುತ್ತೆ."

ದಾಕ್ಷಾಯಣಿಗೆ ಕಣ್ಣು ತುಂಬಿ ಬಂತು. ಮಿಷನ್ನು ವಾಪಸ್ಸು ಹೋದರೆ ದೊಡ್ಡಮ್ಮ ಏನೆಂದುಕೊಂಡಾಳು? ನನ್ನ ಬದುಕನ್ನೇ ಬಿಚ್ಚಿ ಕೊಟ್ಟೆ, ಅದಕ್ಕೊಂದು ಮೂಲೆ ಸಿಗಲಿಲ್ಲವೇ ಅಂದುಕೊಳ್ಳದೆ ಇರುತ್ತಾಳೆಯೇ? ಅಷ್ಟರಲ್ಲಿ ಊರ ಹೆಂಗಸರು ಬೇರೆ ಬಟ್ಟೆಗಳನ್ನು ತಂದು ರಾಶಿ ಹಾಕಿದ್ದರು. ಹೊಲಿಗೆ ಕೈಗೆ ಹತ್ತಿತ್ತು, ಮನಸ್ಸಿಗೂ ಹತ್ತಿತ್ತು. ಅಳುತ್ತ ಕುಳಿತರೆ ಆಗದು ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಮಿಷನ್ನಿನ ಬುಡಕ್ಕೆ ಕುಳಿತಳು.

ಮೊದಲು ಎಣ್ಣೆ. ಸಂದುಗೊಂದಿಗೆಲ್ಲ ತೊಟ್ಟು ತೊಟ್ಟು ಬಿಟ್ಟಳು. ಸೂಜಿಯ ಕಿರಿಕಿರಿ ನಿಂತಿತು, ಧುಮ್ ನಿಲ್ಲಲಿಲ್ಲ. ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದಳು, ಸಡಿಲವಾಗಿದ್ದ ಬೆಲ್ಟು ಕತ್ತರಿಸಿ ಗಿಡ್ಡ ಮಾಡಿದಳು. ಚಕ್ರದ ಗಡಗಡ ಹೋಯಿತು, ಘಲ್ ಹೋಗಲಿಲ್ಲ. ಭಾನುವಾರ ಬಂದ ಮುರುಗಪ್ಪ ಭೀಮಸಮುದ್ರದಿಂದ ಹಳೆಯ ಟ್ರಾಕ್ಟರ್ ಟ್ಯೂಬಿನ ತುಂಡು ತಂದು ಮಿಷನ್ನಿನ ನಾಲ್ಕೂ ಕಾಲಿಗೆ ರಬ್ಬರಿನ ಚಪ್ಪಲಿ ತೊಡಿಸಿದ. "ಇನ್ನು ನೋಡು, ಬೆಕ್ಕು ನಡೆದಂಗೆ ನಡೆಯುತ್ತೆ" ಎಂದು ಜಂಬದಿಂದ ಹೇಳಿ ಪೆಡಲು ತುಳಿದ. ಧುಮ್ ಎಂದಿತು. ಮುರುಗಪ್ಪ ಮುಂದಿನ ಬಸ್ಸಿಗೇ ಭೀಮಸಮುದ್ರಕ್ಕೆ ಹೊರಟುಬಿಟ್ಟ.

ಕುರಿಹಟ್ಟಿಯ ಹುಚ್ಚಕ್ಕ ಮೊಮ್ಮಗಳ ಲಂಗ ಹೊಲಿಸಲು ಬಂದವಳು ಸಂಗತಿ ಕೇಳಿ ಜೋರಾಗಿ ನಕ್ಕಳು. ಹುಚ್ಚಕ್ಕ ನಕ್ಕರೆ ಬೀದಿಗೆಲ್ಲ ಕೇಳುತ್ತಿತ್ತು. ಮರುದಿನ ತಾನೇ ನೂತ ಉಣ್ಣೆಯ ಹಳೇ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ತಂದು ರಬ್ಬರಿನ ಕೆಳಗೆ ಹಾಸಿದಳು.

"ಇದ್ರ ಮ್ಯಾಗೆ ಗುಡುಗು ಮಲಗಿದ್ರೂ ಸದ್ದಾಗಲ್ಲ ಕಣ್ ತಾಯಿ. ತುಳಿ ನೋಡಾಣ."

ತುಳಿದಳು. ನಿಜಕ್ಕೂ ಮಿಷನ್ನು ಮೂಕಿಯಂತಾಗಿತ್ತು. ಸೂಜಿಯ ಪಿಸುಮಾತು ಬಿಟ್ಟರೆ ಬೇರೇನಿಲ್ಲ. ಆದರೆ ಮೇಲಿನ ಸದ್ದು ಅಡಗಿದಷ್ಟೂ ಕೆಳಗಿನದು ಚೊಕ್ಕವಾಗಿ ಕೇಳತೊಡಗಿತು. ಮೆಲ್ಲಗೆ, ಆದರೆ ತಪ್ಪದೆ. ಧುಮ್, ಘಲ್. ಧುಮ್, ಘಲ್. ಹುಚ್ಚಕ್ಕ ಕಿವಿ ಕೊಟ್ಟು ಕೇಳಿದಳು. ಚಪ್ಪಡಿ ನೋಡಿದಳು, ಜಗಲಿಯ ಮೇಲಿದ್ದ ಮರುಳಸಿದ್ದಪ್ಪನವರನ್ನು ನೋಡಿದಳು. ಈ ಸಲ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ಎದ್ದು ಹೋದಳು.

ಆಗ ದಾಕ್ಷಾಯಣಿಗೆ ಮೊದಲ ಅನುಮಾನ ಬಂತು. ಮಧ್ಯಾಹ್ನದ ಗೂಡ್ಸ್ ರೈಲು ರಾಮಗಿರಿ ಸ್ಟೇಷನ್ನಿಗೆ ಬರುವಾಗ ಊರಿನ ಹೆಂಚೆಲ್ಲ ಗಡಗಡ ನಡುಗುತ್ತಿತ್ತು. ಮಾವ ಜಗಲಿಯ ಮೇಲೆ ಗೊರಕೆ ಹೊಡೆಯುತ್ತ ಮಲಗಿಯೇ ಇರುತ್ತಿದ್ದರು. ರೈಲಿಗೆ ಏಳದ ಮನುಷ್ಯ ಈ ಪಿಸುಮಾತಿಗೆ ಎದ್ದು ಕೂರುವುದೆಂದರೇನು?

ಉತ್ತರ ಸಿಕ್ಕಿದ್ದು ಸಾಮಾನು ಕೋಣೆಯಲ್ಲಿ. ಮುದ್ದೆಗೆ ಹಿಟ್ಟು ಮಾಡಿಸಬೇಕೆಂದು ಗುಡಾಣದಿಂದ ರಾಗಿ ತೆಗೆಯಲು ಹೋಗಿದ್ದಳು. ಹಳೆಯ ರಾಗಿ ಮುಗಿಯುತ್ತ ಬಂದಿತ್ತು. ಬಗ್ಗಿ ತಳ ಕೆರೆಯುವಾಗ ಬಳೆ ಗುಡಾಣದ ಹೊಟ್ಟೆಗೆ ತಾಗಿತು. ಧುಮ್. ದಾಕ್ಷಾಯಣಿ ಹಾಗೇ ನಿಂತಳು. ಪಕ್ಕದ ತುಂಬಿದ ಗುಡಾಣಕ್ಕೆ ಬೆರಳಿನಿಂದ ತಟ್ಟಿದಳು. ಟಪ್ ಎಂದು ಸದ್ದು ಅಲ್ಲೇ ಸತ್ತಿತು. ಖಾಲಿಯದನ್ನು ತಟ್ಟಿದಳು. ಅದೇ ಗಂಟಲು, ಅದೇ ಧುಮ್.

ಓಡಿ ಬಂದು ಪಡಸಾಲೆಯ ಚಪ್ಪಡಿಯ ಮೇಲೆ ಅಡಿಕೆ ಕುಟ್ಟುವ ಕಲ್ಲಿನಿಂದ ಒಂದು ಏಟು ಹಾಕಿದಳು. ಇಲ್ಲೂ ಅದೇ ಧುಮ್. ಹೊರಗೆ ಜಗಲಿಯಲ್ಲಿ ಮಾವ ಕೆಮ್ಮಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎನ್ನುವ ಮಾತು ಅವಳ ಬಾಯಿಗೆ ಬಂದು ನಿಂತಿತು. ಹಗೇವಿನ ಮನೆಯ ಹಗೇವು ಖಾಲಿ! ಮೊದಲು ನಗು ಉಕ್ಕಿತು, ಅದರ ಹಿಂದೆಯೇ ಅಯ್ಯೋ ಎನಿಸಿತು. ಪಾಪ, ಮುದುಕರು ಮಿಷನ್ನಿಗೆ ಹೆದರಿರಲಿಲ್ಲ. ಅದು ಊರಿಗೆಲ್ಲ ಏನು ಸಾರಿಬಿಡುತ್ತದೋ ಎಂದು ಹೆದರಿದ್ದರು.

ಅತ್ತೆ ಕಣದ ಕಡೆ ಹೋದ ಹೊತ್ತು ನೋಡಿ ದಾಕ್ಷಾಯಣಿ ಒಂದು ಲೋಟ ಮಜ್ಜಿಗೆ ಹಿಡಿದು ಜಗಲಿಗೆ ಬಂದಳು.

"ಮಾವ, ಸದ್ದು ನಿಲ್ಲಿಸೋ ದಾರಿ ಸಿಕ್ತು."

"ಸಿಕ್ತಾ? ಏನವ್ವ ಅದು?"

"ಈ ಸಲ ರಾಗಿ ಚೆನ್ನಾಗಿ ಬಂದೈತಲ್ಲ. ಕಣದಿಂದ ಸೀದಾ ತಂದು ಹಗೇವಿಗೆ ಸುರಿದುಬಿಡಾಣ."

ಮಜ್ಜಿಗೆ ಲೋಟ ಮಾವನ ಕೈಯಲ್ಲೇ ನಿಂತಿತು. "ಏ, ತುಂಬಿರೋ ಹಗೇವಿಗೆ ಎಲ್ಲಿ ಸುರಿತೀಯ?"

"ತುಂಬಿದ ಕೊಡ ತುಳುಕಲ್ಲ ಮಾವ" ಎಂದಳು ದಾಕ್ಷಾಯಣಿ, ಕಣ್ಣು ಕೆಳಗಿಟ್ಟುಕೊಂಡು.

ಮರುಳಸಿದ್ದಪ್ಪ ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಮಜ್ಜಿಗೆಯನ್ನು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ತಪ್ಪು ಮಾಡಿದ ಹುಡುಗನಂತೆ ಹೇಳತೊಡಗಿದರು. ಮೂಡಲಪಾಯದ ಬಯಲಾಟವೆಂದರೆ ಅವರಿಗೆ ಪ್ರಾಣ. ಮದುವೆಗೆ ಮುಂಚೆ ರಾಜನ ಪಾರ್ಟು ಅವರದೇ. ಪಾರ್ವತಮ್ಮನ ತಂದೆ, ಹೊಸದುರ್ಗದ ಮಾವನವರು ಮಾತ್ರ, ಮುಖಕ್ಕೆ ಬಣ್ಣ ಹಚ್ಚುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ವಿಭೂತಿ ಗಟ್ಟಿ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಇವರೂ ಆಣೆ ಮಾಡಿದರು. ಮುರುಗಪ್ಪನನ್ನು ಹಡೆಯಲು ಪಾರ್ವತಮ್ಮ ತವರಿಗೆ ಹೋದಳು. ಆಗ ಚಂದ್ರವಳ್ಳಿ ಕಡೆಯ ಒಂದು ಹಳ್ಳಿಯಿಂದ ಮೇಳದವರು ಬಂದು, ನಮ್ಮ ರಾಜ ಕಾಲು ಮುರಿದುಕೊಂಡಿದ್ದಾನೆ, ನೀವೇ ಗತಿ ಎಂದರು. ಮಗ ಹುಟ್ಟಿದ ಸಂತೋಷ ಬೇರೆ. ಮರುಳಸಿದ್ದಪ್ಪ ತಾವೂ ಹೊಸ ವೇಷ ಮಾಡಿಸಿಕೊಂಡರು, ಮೇಳದವರಿಗೂ ಮಾಡಿಸಿದರು, ಆಟ ನೋಡಲು ಬಂದ ಹಳ್ಳಿಗೆಲ್ಲ ಊಟ ಹಾಕಿಸಿದರು. ಎಲ್ಲಕ್ಕೂ ಒಳಗಿನ ರಾಗಿಯೇ ಹೋಗಿ ಹಗೇವು ತಳ ಕಂಡಿತು.

"ಎಂಥ ಕುಣಿತ ಅಂತೀಯ! ಬೆಳಗಾದ್ರೂ ಜನ ಏಳಲಿಲ್ಲ ಕಣವ್ವ" ಎಂದರು. ಕಣ್ಣಲ್ಲಿ ಆ ಬೆಳಗು ಇನ್ನೂ ಇತ್ತು. "ಆಮೇಲೆ ನಿಮ್ಮತ್ತೆಗೆ ಹೆಂಗೆ ಹೇಳ್ಲಿ? ವೇಷ ಬಿಸಾಡಕ್ಕೂ ಮನಸ್ಸು ಬರ್ಲಿಲ್ಲ. ಗಂಟು ಕಟ್ಟಿ ಹಗೇವಿನ ಬಾಯಾಗೇ ಒಂದು ದೊಣ್ಣೆ ಅಡ್ಡ ಇಟ್ಟು ನೇತುಹಾಕಿದೆ. ಆ ಘಲ್ ಅನ್ನುತ್ತಲ್ಲ, ಅದು ನನ್ನ ಗೆಜ್ಜೆ."

ದಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ. ಸೊಸೆ ನಕ್ಕಳೆಂದು ಮಾವನಿಗೂ ನಗು ಬಂತು. ಇಬ್ಬರೂ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ ಅವಳು ತನ್ನ ಮಾತನ್ನೂ ಮರೆಯದೆ ಕೇಳಿದಳು.

"ಹಂಗಾದ್ರೆ ಮಿಷನ್ನು?"

"ಅದನ್ನ ಯಾರು ಎತ್ತುತಾರೆ ನೋಡ್ತೀನಿ! ನೀನು ಮಾತ್ರ ಬಾಯಿ ಬಿಡಬ್ಯಾಡ."

ಹೆಂಡತಿಯನ್ನು ಒಂದು ದಿನ ಊರಿನಿಂದ ಸಾಗಹಾಕುವುದು ಮುಖ್ಯವಾಗಿತ್ತು. ಹೊಸದುರ್ಗದಲ್ಲಿ ನಿಮ್ಮಣ್ಣನಿಗೆ ಮೈ ಸರಿಯಿಲ್ಲವಂತೆ, ಹೋಗಿ ನೋಡಿಕೊಂಡು ಬಾ ಎಂದು ಮರುಳಸಿದ್ದಪ್ಪ ಹೇಳಿದರು. ಏನಾಗಿದೆ, ಯಾರು ಹೇಳಿದರು ಎಂದು ಪಾರ್ವತಮ್ಮ ಒಂದು ಮಾತೂ ಕೇಳಲಿಲ್ಲ. ಚೀಲ ಹಿಡಿದು ಬಸ್ಸಿಗೆ ಹೊರಟವಳು ಬಾಗಿಲಲ್ಲಿ ತಿರುಗಿ, "ನಾನು ಬರೋದು ಸಂಜೆ ಬಸ್ಸಿಗೆ. ಅವಸರ ಮಾಡ್ಬ್ಯಾಡ್ರಿ, ನಿಧಾನಕ್ಕೆ ಕೆಲಸ ನೋಡ್ಕಳ್ರಿ" ಎಂದಳು. ಯಾವ ಕೆಲಸ ಎಂದು ಕೇಳುವ ಧೈರ್ಯ ಮಾವನಿಗೂ ಇರಲಿಲ್ಲ, ಸೊಸೆಗೂ ಇರಲಿಲ್ಲ.

ಬಸ್ಸು ತಿರುವು ದಾಟಿದ್ದೇ ತಡ, ಕಾಟಲಿಂಗಪ್ಪ ರಾಗಿ ಚೀಲದ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಅವನು ಹಟ್ಟಿಯವನು, ಮರುಳಸಿದ್ದಪ್ಪನವರ ವಾರಿಗೆಯವನು. ಹಿಂದೆ ಇದೇ ಹಗೇವು ಖಾಲಿ ಮಾಡಿ ಗಾಡಿ ಹೊಡೆದುಕೊಂಡು ಹೋದವನೂ ಅವನೇ.

"ಅವತ್ತು ತಗಂಡು ಹೋದದ್ದನ್ನ ಇವತ್ತು ತಂದೀನಿ ಗೌಡ್ರೇ. ಒಂಚೂರು ತಡ ಆತು" ಎಂದ.

ಮಿಷನ್ನನ್ನು ಪಕ್ಕಕ್ಕೆ ಸರಿಸಿ, ಮೆತ್ತಿದ ಮಣ್ಣು ಕೆತ್ತಿ, ಹಾರೆ ಹಾಕಿ ಚಪ್ಪಡಿ ಎತ್ತಿದರು. ತಣ್ಣನೆಯ ಹಳೇ ಗಾಳಿ ಮೇಲೆ ಬಂತು. ಬಾಯಿಗೆ ಅಡ್ಡವಿದ್ದ ದೊಣ್ಣೆಯಲ್ಲಿ ಗಂಟು ಹಾಗೇ ನೇತಾಡುತ್ತಿತ್ತು. ಅದನ್ನು ಎತ್ತಿಕೊಂಡು, ಹಗೇವಿನ ಕೆಟ್ಟ ಗಾಳಿಗೆ ಹೆದರಿ ಹಗ್ಗ ಕಟ್ಟಿದ ಲಾಟೀನನ್ನು ಒಳಗೆ ಇಳಿಬಿಟ್ಟು ಕಾದರು. ಮೊದಲ ಸಲ ಬತ್ತಿ ಆರಿತು. ಗಾಳಿಯಾಡಲು ಬಿಟ್ಟು, ಊಟ ಮುಗಿಸಿ ಬಂದು ಮತ್ತೆ ಇಳಿಸಿದಾಗ ದೀಪ ಉರಿಯುತ್ತಲೇ ಇತ್ತು. ಕಾಟಲಿಂಗಪ್ಪ ಇಳಿದು ತಳಕ್ಕೂ ಗೋಡೆಗೂ ಒಣಹುಲ್ಲು ಹಾಸಿ ಮೇಲೆ ಬಂದ. ಆಮೇಲೆ ರಾಗಿ ಸುರಿದರು. ಕಂದು ಕಾಳು ಜಲಪಾತದಂತೆ ಇಳಿದು, ಹಗೇವಿನ ಕೊರಳು ಮುಟ್ಟಿತು.

ಇತ್ತ ಮರುಳಸಿದ್ದಪ್ಪ ಗಂಟು ಬಿಚ್ಚಿಕೊಂಡು ಕುಳಿತಿದ್ದರು. ಗಾಜಿನ ಹರಳು ಉದುರಿದ ಕಿರೀಟ, ಹುಳ ತಿಂದ ಮಖಮಲ್ಲಿನ ಅಂಗಿ, ಕಿಲುಬು ಹಿಡಿದ ಗೆಜ್ಜೆ. ಕಿರೀಟ ತಲೆಗಿಟ್ಟುಕೊಂಡು, ಹಾರೆಯನ್ನೇ ಗದೆಯಂತೆ ಹೆಗಲಿಗೆ ಹಾಕಿ ಒಂದು ಸುತ್ತು ಧಿಮಿಕಿಟ ಎಂದು ಹೆಜ್ಜೆ ಹಾಕಿದರು. ಅರವತ್ತರ ಹತ್ತಿರದ ದೇಹ, ಆದರೆ ಹೆಜ್ಜೆ ತಪ್ಪಲಿಲ್ಲ. ದಾಕ್ಷಾಯಣಿ ಚಪ್ಪಾಳೆ ತಟ್ಟಿದಳು. ಇಂಥ ಮನುಷ್ಯನೇ ಸಂಕ್ರಾಂತಿಯ ಗಡುವು ಕೊಟ್ಟವನು ಎಂದರೆ ನಂಬಲಾಗಲಿಲ್ಲ. ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಸಗಣಿ ಸಾರಿಸಿ, ಕಂಬಳಿ ಹಾಸಿ, ಮಿಷನ್ನನ್ನು ಮೊದಲಿದ್ದಲ್ಲೇ ಇಟ್ಟರು. ಗಂಟು ದಾಕ್ಷಾಯಣಿಯ ಬಟ್ಟೆಯ ರಾಶಿಯ ತಳ ಸೇರಿತು.

ಸಂಜೆ ಬಸ್ಸಿಗೆ ಪಾರ್ವತಮ್ಮ ಬಂದಳು. ಕಾಲು ತೊಳೆದಳು, ನೀರು ಕುಡಿದಳು, ಅಣ್ಣ ಗುಂಡುಕಲ್ಲಿನಂತಿದ್ದಾನೆ ಎಂದಳು. ಆಮೇಲೆ ಕಂಬಕ್ಕೆ ಒರಗಿ ಕುಳಿತು, "ಎಲ್ಲಿ, ಒಂದೀಟು ಹೊಲಿ ನೋಡಾಣ" ಎಂದಳು.

ದಾಕ್ಷಾಯಣಿ ಪೆಡಲು ತುಳಿದಳು. ಸೂಜಿಯ ಟಕಟಕ ಬಿಟ್ಟು ಬೇರೇನೂ ಇಲ್ಲ. ಗೂಡಿನ ದೀಪ ಅಲುಗಲಿಲ್ಲ. ಮರುಳಸಿದ್ದಪ್ಪ ಗಂಟಲು ಸರಿಮಾಡಿಕೊಂಡು, "ಹುಚ್ಚಕ್ಕನ ಕಂಬಳಿ ಕಣೇ. ಕೊನೆಗೂ ಕೆಲಸ ಮಾಡ್ತು" ಎಂದರು.

"ಹೌದಾ?" ಎಂದಳು ಪಾರ್ವತಮ್ಮ. ಎದ್ದು ಹೋಗಿ ಹಸಿ ಸಗಣಿಯ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಬಟ್ಟೆಯ ರಾಶಿಯ ಬುಡಕ್ಕೆ ಕೈ ಹಾಕಿ ನೇರ ಗಂಟನ್ನೇ ಎಳೆದಳು. ಘಲ್ ಎಂದಿತು.

ಮರುಳಸಿದ್ದಪ್ಪ ಧಡಕ್ಕನೆ ಎದ್ದು ನಿಂತರು.

"ಮಗನ್ನ ನೋಡಕ್ಕೆ ನಮ್ಮ ತವರಿಗೆ ಬಂದಾಗ ನಿಮ್ಮ ಕಿವಿ ಹಿಂದೆ ವೇಷಕ್ಕೆ ಹಚ್ಚಿದ ಅರದಾಳದ ಬಣ್ಣ ಹಂಗೇ ಇತ್ತು. ತೊಳ್ಕಳಕ್ಕೂ ಬರ್ತಿರಲಿಲ್ಲ ನಿಮಗೆ" ಎಂದಳು ಪಾರ್ವತಮ್ಮ.

"ಅಂದ್ರೆ... ಗೊತ್ತಿತ್ತೇನೇ?"

"ಊರಿಗೇ ಗೊತ್ತಿತ್ತು. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ವಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ಕಾದು ಕಾದು ಮನೆಗೆ ಸೊಸೆ ಬಂದ್ಲು. ಖಾಲಿ ಹಗೇವಿನ ಮನೆ ಬೀಗದ ಕೈ ಅವಳಿಗೆ ಹೆಂಗೆ ಕೊಡ್ಲಿ? ನನ್ನ ಬಾಯಾಗೆ ಹೇಳಕ್ಕೆ ಆಗಲಿಲ್ಲ. ಮಿಷನ್ನು ಹೇಳ್ಲಿ ಅಂತ ಅದ್ರ ಮ್ಯಾಗೆ ಇಡಿಸಿದೆ."

ಆ ಪದ್ಧತಿ ಎಲ್ಲಿಂದ ಬಂದಿತ್ತೆಂದು ದಾಕ್ಷಾಯಣಿಗೆ ಆಗ ಹೊಳೆಯಿತು. ತಾನು ಎಣ್ಣೆ ಬಿಟ್ಟದ್ದು, ಗಂಡ ರಬ್ಬರು ತೊಡಿಸಿದ್ದು, ಹುಚ್ಚಕ್ಕ ಕಂಬಳಿ ಹಾಸಿದ್ದು ಎಲ್ಲವನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯ ಮುಖ ನೆನಪಾಗಿ, ಹುಸಿಕೋಪ ಬಂದು, ಅದು ನಿಲ್ಲದೆ ಕರಗಿಹೋಯಿತು.

ಪಾರ್ವತಮ್ಮ ಮಖಮಲ್ಲಿನ ಅಂಗಿಯನ್ನು ಕೊಡವಿ, ಹುಳ ತಿಂದ ಜಾಗಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಬೈಯುತ್ತಾಳೆಂದು ಮರುಳಸಿದ್ದಪ್ಪ ತಲೆ ತಗ್ಗಿಸಿ ಕಾಯುತ್ತಿದ್ದರು. ಅವಳು ಅಂಗಿಯನ್ನು ತಂದು ಮಿಷನ್ನಿನ ಮೇಲೆ, ಸೊಸೆಯ ಮುಂದೆ ಹರಡಿದಳು.

"ತೂತಿಗೆಲ್ಲ ತೇಪೆ ಹಾಕವ್ವ. ಹೊಟ್ಟೆ ಹತ್ರ ಒಂಚೂರು ಬಿಡಿಸು, ರಾಜರು ಈಗ ಊದ್ಯಾರೆ. ಸುತ್ತಲ ಹಳ್ಳಿಯೋರೆಲ್ಲ ಆ ಕುಣಿತ ನೋಡ್ಯಾರೆ. ಕಟ್ಟಿಕೊಂಡ ನಾನೊಬ್ಬಳು ನೋಡಿಲ್ಲ."

ಮರುಳಸಿದ್ದಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. ದಾಕ್ಷಾಯಣಿ ಕೊರಳಿಗೆ ಟೇಪು ಹಾಕಿಕೊಂಡು ಎದ್ದಳು.

"ಮಾವ, ಇತ್ಲಾಗೆ ಬಂದು ನೆಟ್ಟಗೆ ನಿಂತ್ಕಳ್ರಿ. ಅಳತೆ ತಗಬೇಕು."